ಯಾರನ್ನೂ ಕೇಳಬೇಕಿಲ್ಲದ ರಜ

ಮಲ್ಲಂದೂರಿನ ಪರಮೇಶ್ವರಪ್ಪನವರ ಕಾಫಿ ತೋಟದಲ್ಲಿ ಬೆಳಗಿನ ಗಂಟೆ ಬಾರಿಸುವಷ್ಟರಲ್ಲಿ ಭೂತಯ್ಯನಿಗೂ ಶೇಷಪ್ಪನಿಗೂ ಮೈಯೆಲ್ಲ ಬೆವೆತಿರುತ್ತಿತ್ತು. ಆ ಗಂಟೆ ಅವರಿಗಾಗಿ ಹೊಡೆಯುತ್ತಿದ್ದುದಲ್ಲ. ಅದು ಲೈನುಮನೆಗಳಲ್ಲಿದ್ದ ಆಳುಗಳಿಗೆ. ಇವರಿಬ್ಬರು ಯಾರ ಆಳೂ ಅಲ್ಲ, ಗುತ್ತಿಗೆಯ ಮೇಲೆ ಮರ ಕೊಯ್ಯುವವರು. ಇಂದು ಈ ತೋಟ, ಇಲ್ಲಿಯ ಹಲಗೆ ಮುಗಿದರೆ ಇನ್ನೊಂದು ತೋಟ. ಗರಗಸ ಅವರದೇ, ಅದರ ಹಲ್ಲು ಮಸೆಯುವ ಅರ ಅವರದೇ, ಅಡಿಗೆಯ ಮಡಕೆಯೂ ಅವರದೇ.

ಆಳೆತ್ತರ ತೋಡಿದ ಗುಂಡಿಯ ಮೇಲೆ ಅಡ್ಡ ತೊಲೆಗಳನ್ನು ಹಾಕಿ, ಅದರ ಮೇಲೆ ದಿಮ್ಮಿಯನ್ನು ಉರುಳಿಸಿ ತಂದು ನಿಲ್ಲಿಸಿದರೆ ಕೆಲಸ ಶುರು. ಭೂತಯ್ಯ ದಿಮ್ಮಿಯ ಮೇಲೆ ನಿಲ್ಲುವವನು. ಕರಿದಾರ ಹೊಡೆದು ಎಳೆದ ಗೆರೆ ಬಿಟ್ಟು ಗರಗಸ ಅತ್ತಿತ್ತ ಹೋಗದಂತೆ ನೋಡಿಕೊಳ್ಳುವುದು ಅವನ ಪಾಲು. ಶೇಷಪ್ಪ ಗುಂಡಿಯೊಳಗೆ ನಿಂತು ಕೆಳಕ್ಕೆ ಎಳೆಯುವವನು. ಮರದ ಪುಡಿ ಎಲ್ಲ ಅವನ ತಲೆಯ ಮೇಲೇ ಬೀಳುತ್ತಿತ್ತು. ಅದಕ್ಕೆ ಅವನು ಮುಖಕ್ಕೆ ಒಂದು ಬಟ್ಟೆ ಸುತ್ತಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ದಿನವಿಡೀ ನಿಂತಿರುತ್ತಿದ್ದ. ಹತ್ತು ಹನ್ನೆರಡು ವರ್ಷ ಹೀಗೆ ಒಬ್ಬ ಮೇಲೆ, ಒಬ್ಬ ಕೆಳಗೆ. ಕೆಲಸ ಮಾಡುವಾಗ ಮಾತಿಲ್ಲ. ಎಳೆತ ಸ್ವಲ್ಪ ಭಾರವಾಯಿತೆಂದರೆ ಕೆಳಗಿನವನಿಗೆ ದಣಿವಾಗಿದೆ ಎಂದು ಮೇಲಿನವನಿಗೆ ತಿಳಿಯುತ್ತಿತ್ತು. ಆಗ ಭೂತಯ್ಯ ತಾನೇ ಗರಗಸ ನಿಲ್ಲಿಸಿ, ಸೀಳಿನಲ್ಲಿ ಬೆಣೆ ಹೊಡೆಯುವ ನೆಪದಲ್ಲಿ ಸ್ವಲ್ಪ ಹೊತ್ತು ಕಳೆಯುತ್ತಿದ್ದ.

ತೋಟದ ಆಳುಗಳಿಗೆ ವಾರಕ್ಕೊಮ್ಮೆ ಸಂತೆಯ ರಜ. ಯುಗಾದಿ, ಗೌರಿಹಬ್ಬ, ದೀಪಾವಳಿಗೂ ರಜ. ಆ ದಿನಗಳಲ್ಲಿ ಗಂಟೆ ಹೊಡೆಯುತ್ತಿರಲಿಲ್ಲ. ಗಂಟೆ ಹೊಡೆಯದ ಎಷ್ಟೋ ದಿನಗಳಲ್ಲೂ ಗುಂಡಿಯ ಕಡೆಯಿಂದ ಗರಗಸದ ಸದ್ದು ಕೇಳುತ್ತಿತ್ತು. "ನಮಗೆ ಗಂಟೇನೂ ಇಲ್ಲ, ಮೇಸ್ತ್ರೀನೂ ಇಲ್ಲ. ಬೇಕು ಅಂದ್ರೆ ಇವತ್ತೇ ರಜ, ಯಾರನ್ನೂ ಕೇಳಂಗಿಲ್ಲ" ಎಂದು ಭೂತಯ್ಯ ಎದೆಯುಬ್ಬಿಸಿ ಹೇಳುತ್ತಿದ್ದ. ಹಾಗೆ ಹೇಳುತ್ತಲೇ ಅವನು ಎಷ್ಟೋ ವರ್ಷಗಳಿಂದ ಒಂದು ದಿನವೂ ತಾನಾಗಿ ರಜ ತೆಗೆದುಕೊಂಡಿರಲಿಲ್ಲ.

ತೆಗೆದುಕೊಂಡು ಮಾಡುವುದಾದರೂ ಏನು? ಮದುವೆಯಾದ ಮರುವರ್ಷವೇ ಹೆಂಡತಿ ಅಣ್ಣಮ್ಮ ಚಳಿಜ್ವರದಲ್ಲಿ ಹೋಗಿದ್ದಳು. ಮಕ್ಕಳಾಗಿರಲಿಲ್ಲ. ಮೂಡಿಗೆರೆಯ ಕಡೆ ಅಣ್ಣನೊಬ್ಬನಿದ್ದ. ಜಗಳವೇನೂ ಆಗಿರಲಿಲ್ಲ. ಒಂದು ವರ್ಷ ಹೋಗಲಿಲ್ಲ, ಮರುವರ್ಷ ಹೋಗಲು ಸಂಕೋಚವಾಯಿತು, ಆಮೇಲೆ ಆ ದಾರಿಯೇ ಮರೆತುಹೋಯಿತು.

ಶೇಷಪ್ಪನಿಗೆ ಸಂಸೆಯಲ್ಲಿ ಮನೆಯಿತ್ತು. ಹೆಂಡತಿ ತಂಗಮ್ಮ, ದೊಡ್ಡವಳಾಗುತ್ತಿದ್ದ ಮಗಳು. ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಅವನು ಊರಿಗೆ ಹೋಗಿಬರುತ್ತಿದ್ದ. ಅವನು ಹೋದರೆ ಭೂತಯ್ಯನ ಕೆಲಸವೂ ನಿಂತಿತೆಂದೇ ಅರ್ಥ. ಆ ಗರಗಸ ಒಬ್ಬನಿಂದ ಆಡುವಂಥದಲ್ಲ. ಹೀಗೆ ಬೇಡದಿದ್ದರೂ ವರ್ಷಕ್ಕೆರಡು ಸಲ ಭೂತಯ್ಯನ ಕೊರಳಿಗೆ ರಜ ಬಂದು ಬೀಳುತ್ತಿತ್ತು.

ಆ ವರ್ಷ ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಪರಮೇಶ್ವರಪ್ಪನವರು ಕಾಫಿ ತುಂಬಿಡಲು ಹೊಸ ಉಗ್ರಾಣ ಕಟ್ಟಿಸುತ್ತಿದ್ದರು. ಕೊಯ್ಲು ಶುರುವಾಗುವ ಮೊದಲು ಅದರ ನೆಲಕ್ಕೆ ಹಲಗೆ ಹಾಸಿ ಮುಗಿಸಬೇಕೆಂದು ಅವರ ಅವಸರ. ದೀಪಾವಳಿಗೆ ಮುಂಚಿನ ಒಂದು ಸಂಜೆ, ಹೊನ್ನೆಯ ದೊಡ್ಡ ದಿಮ್ಮಿಯೊಂದು ಅರ್ಧ ಸೀಳಿ ನಿಂತಿದ್ದಾಗ, ಶೇಷಪ್ಪ ಗುಂಡಿಯಿಂದ ಮೇಲೆ ಬಂದು ಮುಖದ ಬಟ್ಟೆ ಬಿಚ್ಚಿ ಕೊಡವಿದ.

"ಭೂತಣ್ಣ, ನಾಳೆ ಹೊರಡ್ತೀನಿ."

"ಹೋಗ್ಬಾ."

"ಈ ಸಲ ಸ್ವಲ್ಪ ತಡ ಆಗಬಹುದು."

"ನಂಗೆಂತಕ್ಕೆ ಹೇಳ್ತಿ? ನಾನೇನು ನಿಂಗೆ ರಜ ಕೊಡೋ ದೊರೆಯಾ?" ಎಂದು ನಕ್ಕ ಭೂತಯ್ಯ, ನಗು ಮುಗಿಯುವ ಮುಂಚೆಯೇ, "ಸಾವ್ಕಾರ್ರು ಹಲಗೆ ಹಲಗೆ ಅಂತ ತಲೆ ತಿಂತಿದಾರೆ, ಅದೊಂದು ಜ್ಞಾಪಕ ಇರ್ಲಿ" ಎಂದೂ ಸೇರಿಸಿದ.

ಶೇಷಪ್ಪ ಕೆಮ್ಮಿದ. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಮತ್ತೆ ಬಿಚ್ಚಿದ. "ನೀನೂ ಬಾ ಮಾರಾಯ. ತಂಗಮ್ಮ ಪ್ರತಿ ಸಲ ಕೇಳ್ತಾಳೆ."

"ಮುಂದಿನ ಸಲ ಬರ್ತೀನಿ ಅಂತ ಹೇಳು."

ಇದು ಪ್ರತಿ ವರ್ಷದ ಮಾತು. ಬೇರೆ ವರ್ಷಗಳಲ್ಲಿ ಶೇಷಪ್ಪ ಇಷ್ಟಕ್ಕೇ ತಲೆಯಾಡಿಸಿ ಗಂಟು ಕಟ್ಟಲು ಹೋಗುತ್ತಿದ್ದ. ಈ ಸಲ ಹೋಗಲಿಲ್ಲ. ದಿಮ್ಮಿಗೆ ಒರಗಿ ಸ್ವಲ್ಪ ಹೊತ್ತು ನಿಂತೇ ಇದ್ದ. ಭೂತಯ್ಯ ಗರಗಸದ ಹಲ್ಲಿಗೆ ಅರ ಉಜ್ಜುತ್ತ ಕೂತವನು ತಲೆಯೆತ್ತಿ ನೋಡುವಷ್ಟರಲ್ಲಿ ಅವನು ಗುಡಿಸಲ ಕಡೆ ನಡೆದಿದ್ದ.

ಹಬ್ಬ ಬಂತು. ಲೈನುಮನೆಗಳ ಕಡೆಯಿಂದ ಮಕ್ಕಳ ಕೂಗು, ಎಣ್ಣೆ ನೀರಿನ ಹೊಗೆ, ಯಾರೋ ಯಾರನ್ನೋ ಬೈಯುವ ಸದ್ದು ಎಲ್ಲ ಕಾಡಂಚಿನ ಗುಡಿಸಲವರೆಗೆ ಬರುತ್ತಿತ್ತು. ಭೂತಯ್ಯ ಹಳ್ಳಕ್ಕೆ ಹೋಗಿ ಬಟ್ಟೆ ಒಗೆದ. ಒಣಗಿದ ಮೇಲೆ ಮತ್ತೇನು ಒಗೆಯಲಿ ಎಂದು ಗುಡಿಸಲಲ್ಲಿ ಹುಡುಕಿದ. ಗರಗಸಕ್ಕೆ ಹರಿತ ಮಾಡಿದ. ಹರಿತವಾದದ್ದನ್ನು ಬೆರಳಲ್ಲಿ ಮುಟ್ಟಿ ನೋಡಿ ಮತ್ತೆ ಅರ ಕೈಗೆತ್ತಿಕೊಂಡವನು, ಹೀಗೇ ಉಜ್ಜುತ್ತಾ ಹೋದರೆ ಹಲ್ಲೇ ಸವೆದು ಹೋಗುತ್ತದೆಂದು ಕೆಳಗಿಟ್ಟ. ಮಧ್ಯಾಹ್ನಕ್ಕೆ ಗಂಜಿ ಮಾಡಲು ಒಲೆ ಹಚ್ಚಿ, ಹಸಿವಿಲ್ಲವೆಂದು ಆರಿಸಿದ.

ಪಾಡ್ಯದ ದಿನ ಲೈನಿನ ಭಾಗಮ್ಮ ಬಂದಳು. ತೋಟದಲ್ಲೇ ಮುದುಕಿಯಾದ ಹೆಂಗಸು. ಬಾಳೆಲೆಯಲ್ಲಿ ಸೌತೆಕಾಯಿ ಕಡುಬು ಕಟ್ಟಿಕೊಂಡು ಬಂದಿದ್ದಳು.

"ಹಬ್ಬದ ದಿನ ಒಲೇಲಿ ಹೊಗೆ ಇಲ್ಲ. ಊರಿಗೆ ಹೋಗಲಿಲ್ಲೇನಾ?"

"ಎಲ್ಲಿ ಹೋಗ್ಲಿ ಭಾಗಮ್ಮ, ಕೆಲ್ಸ ಐತಲ್ಲ. ಹಲಗೆ ಮುಗಿಸಿ ಕೊಡಬೇಕು."

ಭಾಗಮ್ಮ ಗುಂಡಿಯ ಕಡೆ ನೋಡಿದಳು. ಹೊನ್ನೆಯ ದಿಮ್ಮಿ ಅರ್ಧ ಬಾಯಿ ಬಿಟ್ಟುಕೊಂಡು ಮಲಗಿತ್ತು. ಒಬ್ಬನೇ ಏನು ಕೆಲಸ ಮಾಡುತ್ತಾನೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. "ಬಿಸಿ ಇರುವಾಗ್ಲೇ ತಿನ್ನು" ಎಂದಷ್ಟೇ ಹೇಳಿ, ಮೊಮ್ಮಕ್ಕಳು ಕಾಯುತ್ತಿದ್ದಾರೆಂದು ಹೊರಟುಹೋದಳು. ಸ್ವಲ್ಪ ಕೂತು ಹೋಗು ಎನ್ನಬೇಕೆಂದು ಭೂತಯ್ಯ ಬಾಯಿ ತೆರೆಯುವುದರೊಳಗೆ ಅವಳು ಕಾಫಿ ಗಿಡಗಳ ನಡುವೆ ಇಳಿದಾಗಿತ್ತು.

ಹಬ್ಬ ಕಳೆಯಿತು. ಗಂಟೆ ಮತ್ತೆ ಹೊಡೆಯತೊಡಗಿತು. ಶೇಷಪ್ಪ ಬರಲಿಲ್ಲ. ತಡವಾಗುತ್ತದೆ ಎಂದಿದ್ದನಲ್ಲ ಎಂದು ಭೂತಯ್ಯ ಸಮಾಧಾನ ಮಾಡಿಕೊಂಡ. ದಿನಾ ಸಂಜೆ ಆಲ್ದೂರಿನ ದಾರಿ ಕಾಣುವ ದಿಬ್ಬದವರೆಗೆ ಹೋಗಿ ನಿಂತು ಬರುವುದು ರೂಢಿಯಾಯಿತು. ಒಂದು ದಿನ ಪರಮೇಶ್ವರಪ್ಪನವರೇ ಕೊಡೆ ಹಿಡಿದುಕೊಂಡು ಗುಂಡಿಯ ಹತ್ತಿರ ಬಂದರು.

"ಎಲ್ಲಯ್ಯ ನಿನ್ನ ಜೊತೆಗಾರ?"

"ಜ್ವರ ಬಂದೈತಂತೆ ಸಾವ್ಕಾರ್ರೆ. ಇವತ್ತು ನಾಳೆ ಬರ್ತಾನೆ." ಸುಳ್ಳು ಹೇಗೆ ಬಾಯಿಗೆ ಬಂತೋ ಅವನಿಗೇ ಗೊತ್ತಾಗಲಿಲ್ಲ.

"ಹಂಗಾದ್ರೆ ಬೇರೆ ಯಾರನ್ನಾದ್ರೂ ಕೂಡಿಸ್ಕೋ. ಮರ ಕೊಯ್ಯೋರಿಗೇನು ಬರವಾ?"

"ಅವನೇ ಬರ್ತಾನೆ. ಬೇರೆಯವರ ಕೈ ನಂಗೆ ಹೊಂದಲ್ಲ."

ಅವರು ಹೋದ ಮೇಲೆ ಭೂತಯ್ಯನಿಗೆ ತಾನು ಹೇಳಿದ ಸುಳ್ಳೇ ನಿಜವಾಗಿದ್ದರೆ ಎಂದು ದಿಗಿಲಾಯಿತು. ಶೇಷಪ್ಪನ ಕೆಮ್ಮು ನೆನಪಾಯಿತು. ಅಷ್ಟು ವರ್ಷ ಮರದ ಪುಡಿ ಕುಡಿದ ಎದೆ. ಸಂಸೆಗೆ ಹೋಗಿ ನೋಡಲೇಬೇಕು ಎಂದು ತೀರ್ಮಾನ ಮಾಡಿದ. ಆದರೆ ಹೋಗುವ ಮುಂಚೆ ಸಾಹುಕಾರರಿಗೆ ಹೇಳಬೇಕಲ್ಲ. ರಜ ಕೇಳುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅವರ ಮನೆಯ ಅಂಗಳದಲ್ಲಿ ಹೋಗಿ ನಿಂತವನು, ಕಾಫಿ ಕಣದ ಬಿರುಕಿನ ಬಗ್ಗೆ ಮಾತಾಡಿದ, ಮಳೆ ನಿಂತಿತಲ್ಲ ಎಂದ. ಕೊನೆಗೆ ಅವರೇ, "ಎಂತ ಬಂದದ್ದು ಹೇಳು" ಎಂದರು.

"ಸಂಸೆಗೆ ಹೋಗ್ಬರಬೇಕಿತ್ತು. ಒಂದೆರಡು ದಿನ... ನೀವು ಹೂಂ ಅಂದ್ರೆ."

ಪರಮೇಶ್ವರಪ್ಪನವರಿಗೆ ಆಶ್ಚರ್ಯವಾಯಿತು. "ನಂದೇನಯ್ಯ ಹೂಂ? ನೀನು ನನ್ನ ಆಳಾ? ಧಾರಾಳವಾಗಿ ಹೋಗು." ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಆದ್ರೆ ನಂಗೆ ಹಲಗೆ ಬೇಕು. ಬೆಟ್ಟದ ಕೆಳಗಿನ ಇಬ್ರು ಕೊಯ್ಯೋರು ಆಲ್ದೂರಿಗೆ ಬಂದಿದಾರಂತೆ. ನೀನು ತಡ ಮಾಡಿದ್ರೆ ಅವರನ್ನ ಕರೆಸ್ಕೊಳ್ತೀನಿ. ಆಮೇಲೆ ಬೇಜಾರು ಮಾಡ್ಕೋಬಾರದು."

ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಹೇಳಿ ಭೂತಯ್ಯ ಹೊರಟ. ಗರಗಸವನ್ನು ಭಾಗಮ್ಮನ ಮನೆಯಲ್ಲಿಟ್ಟ. ಹೆಗಲ ಮೇಲೆ ಗರಗಸವಿಲ್ಲದೆ ದೂರ ನಡೆದು ಎಷ್ಟು ವರ್ಷವಾಗಿತ್ತೋ. ಹೆಗಲು ಹಗುರವಾಗಿ, ಯಾವುದೋ ಸಾಮಾನು ಮರೆತು ಬಂದವನಂತೆ ಮತ್ತೆ ಮತ್ತೆ ಕೈ ಅಲ್ಲಿಗೆ ಹೋಗುತ್ತಿತ್ತು.

ಬಾಳೆಹೊನ್ನೂರಿನವರೆಗೆ ನಡೆದು, ಅಲ್ಲಿ ಒಂದು ಹೋಟೆಲಿನ ಜಗಲಿಯಲ್ಲಿ ಮಲಗಿ, ಬೆಳಿಗ್ಗೆ ಕಳಸದ ಬಸ್ಸು ಹಿಡಿದ. ಏರು ಬಂದಲ್ಲೆಲ್ಲ ಬಸ್ಸು ಉಸಿರುಗಟ್ಟಿ ನಿಲ್ಲುತ್ತಿತ್ತು, ಗಂಡಸರೆಲ್ಲ ಇಳಿದು ನೂಕುತ್ತಿದ್ದರು. ಪಕ್ಕದಲ್ಲಿ ಕೂತ ಹೆಂಗಸು, "ಹಬ್ಬ ಕಳೆದ ಮೇಲೆ ಹೊರಟಿದೀರಿ, ಮಗಳ ಮನೆಗಾ?" ಎಂದು ಕೇಳಿದಳು. "ತಮ್ಮನ ಮನೆಗೆ" ಎಂದ ಭೂತಯ್ಯ. ಹಾಗೆಂದ ಮೇಲೆ ಅವನಿಗೆ ಕಳಸದಲ್ಲಿ ಇಳಿದು ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಬೆಲ್ಲ ಮತ್ತು ಕಡಲೆ ಕಟ್ಟಿಸಿಕೊಂಡು, ಶೇಷಪ್ಪನ ಮಗಳಿಗೆಂದು ಬಳೆಯನ್ನೂ ತೆಗೆದುಕೊಂಡ. ಅವಳ ಕೈ ಎಷ್ಟು ದಪ್ಪವೆಂದು ಬಳೆಗಾರ ಕೇಳಿದಾಗ ಹೇಳಲು ತಿಳಿಯಲಿಲ್ಲ. ಆ ಹುಡುಗಿಯನ್ನು ಅವನು ಒಂದು ಸಲವೂ ನೋಡಿರಲಿಲ್ಲ.

ಸಂಸೆಯ ದಾರಿಯಲ್ಲಿ ಗದ್ದೆಯ ಬದುವಿನ ಮೇಲೆ ಹುಲ್ಲು ಹೊತ್ತು ಬರುತ್ತಿದ್ದವನನ್ನು ನಿಲ್ಲಿಸಿ, ಮರ ಕೊಯ್ಯುವ ಶೇಷಪ್ಪನ ಮನೆ ಎಲ್ಲಿ ಎಂದು ಕೇಳಿದ.

"ಮರ ಕೊಯ್ಯೋ ಶೇಷಪ್ಪನಾ? ಓ, ನಮ್ಮ ಶೇಷಪ್ಪ ಮೇಸ್ತ್ರಿ! ಅಗೋ ಆ ಹಲಸಿನ ಮರದ ಹಿಂದೆ. ಈಗ ಮನೇಲಿರಲ್ಲ, ತೋಟದಲ್ಲಿರ್ತಾನೆ."

"ಯಾವ ತೋಟದಲ್ಲಿ?"

"ಮೇಲಿನ ತೋಟದಲ್ಲಿ. ಹಬ್ಬದ ಮಾರನೇ ದಿನದಿಂದ ಮೇಸ್ತ್ರಿ ಆಗಿದಾನಲ್ಲ. ನಿಮಗೆ ಗೊತ್ತಿಲ್ವಾ?"

"ಗೊತ್ತು" ಎಂದ ಭೂತಯ್ಯ. ಆ ಮನುಷ್ಯ ಹುಲ್ಲಿನ ಹೊರೆ ಸರಿಮಾಡಿಕೊಂಡು ಹೋದ. ಭೂತಯ್ಯ ಬದುವಿನ ಮೇಲೆ ಕೂತುಬಿಟ್ಟ. ಜ್ವರವಿಲ್ಲ, ಕಾಯಿಲೆಯಿಲ್ಲ, ಶೇಷಪ್ಪ ಚೆನ್ನಾಗಿದ್ದಾನೆ. ಆ ದಿಬ್ಬದ ಮೇಲೆ ತಾನು ದಿನಾ ಹೋಗಿ ನಿಲ್ಲುತ್ತಿದ್ದಾಗ ಇವನು ಇಲ್ಲಿ ಯಾವುದೋ ತೋಟದಲ್ಲಿ ಆಳುಗಳ ಹಿಂದೆ ನಿಂತಿದ್ದ. ಹಾಗೇ ತಿರುಗಿ ಹೋಗಿಬಿಡಬೇಕೆನಿಸಿತು. ಕೈಯಲ್ಲಿ ಬಳೆಯ ಕಟ್ಟಿತ್ತು. ಅದನ್ನು ಏನು ಮಾಡುವುದೆಂದು ತಿಳಿಯದೆ ಎದ್ದು ಹಲಸಿನ ಮರದ ಕಡೆಗೇ ನಡೆದ.

ತಂಗಮ್ಮ ಅವನನ್ನು ಹಿಂದೆಂದೂ ನೋಡಿರದಿದ್ದರೂ ಹೆಸರು ಹೇಳುತ್ತಿದ್ದಂತೆ ಕೈಯ ಕೆಲಸ ಬಿಟ್ಟು ಓಡಿಬಂದಳು. ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು. ಮಗಳು ಬಾಗಿಲ ಸಂದಿಯಿಂದ ನೋಡಿ ನಕ್ಕು ಒಳಗೆ ಹೋದಳು.

"ಕಡೆಗೂ ಬಂದ್ರಲ್ಲ ಅಣ್ಣಯ್ಯ! ಇಷ್ಟು ವರ್ಷ ಕರೆದು ಕರೆದು ಸಾಕಾಗಿತ್ತು. ನಿಮಗೆ ಹೆಂಗೆ ಹೇಳ್ಬೇಕೋ ತಿಳೀತಿಲ್ಲ. ಇವರಿಗೆ ಆ ಕೆಲ್ಸ ಸಿಕ್ಕಿದಾಗ ನಂಗೆ ಇದ್ದ ಹೆದರಿಕೆ ನಿಮ್ದೇ. ಭೂತಣ್ಣ ಬಿಡ್ತಾನಾ ಅಂತ. ನೀವೇ 'ಹೋಗು ಮಾರಾಯ, ಹೆಂಡ್ತಿ ಮಕ್ಕಳ ಜೊತೆ ಇರು' ಅಂದ್ರಂತೆ. ದೊಡ್ಡ ಮನಸ್ಸು ನಿಮ್ದು. ನಾನು ದಿನಾ ದೀಪ ಹಚ್ಚುವಾಗ ನಿಮ್ಮನ್ನ ನೆನೆಸ್ಕೋತೀನಿ."

ಭೂತಯ್ಯ ಚೊಂಬಿನ ನೀರು ಎತ್ತಿ ಕುಡಿದ. ನೀರು ಮುಗಿದ ಮೇಲೂ ಚೊಂಬನ್ನು ಬಾಯಿಯಿಂದ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಹೂಂ" ಎಂದ. "ನಾನೇ ಹೋಗು ಅಂದೆ."

ತೋಟದ ಸಂಜೆಯ ಗಂಟೆ ಕೇಳಿದ ಸ್ವಲ್ಪ ಹೊತ್ತಿಗೆ ಶೇಷಪ್ಪ ಬಂದ. ತಲೆಗೆ ಶುಭ್ರವಾದ ರುಮಾಲು, ಕೈಯಲ್ಲಿ ಮೇಸ್ತ್ರಿಯ ಬೆತ್ತ. ಮೈಮೇಲೆ ಮರದ ಪುಡಿ ಇಲ್ಲದ ಶೇಷಪ್ಪನನ್ನು ಭೂತಯ್ಯ ನೋಡಿದ್ದು ಅದೇ ಮೊದಲು. ಜಗಲಿಯ ಮೇಲೆ ಕೂತವನನ್ನು ಕಂಡು ಶೇಷಪ್ಪ ಅಂಗಳದಲ್ಲೇ ನಿಂತುಬಿಟ್ಟ.

"ಏನು ಹಂಗೆ ನಿಂತ್ರಿ?" ಎಂದು ತಂಗಮ್ಮ ಒಳಗಿನಿಂದ ನಗುತ್ತ ಕೂಗಿದಳು. "ನೀವು ಹೇಳಿದ ಹಂಗೇ ಅಣ್ಣಯ್ಯನೂ ಹೇಳಿದ್ರು. ಅವರೇ ಹೋಗು ಅಂದದ್ದಂತೆ."

ಶೇಷಪ್ಪ ಭೂತಯ್ಯನ ಮುಖ ನೋಡಿದ. ಭೂತಯ್ಯ ಬೇರೆ ಕಡೆ ನೋಡಿದ.

ಕತ್ತಲಾಗುವ ಮುಂಚೆ ಇಬ್ಬರೂ ಹಳ್ಳದ ಕಡೆ ಹೋದರು. ನೀರಿನ ಪಕ್ಕದ ಬಂಡೆಯ ಮೇಲೆ ಶೇಷಪ್ಪ ಕೂತ. ಭೂತಯ್ಯ ನಿಂತೇ ಇದ್ದ.

"ಹೇಳ್ಬೇಕು ಅಂತ್ಲೇ ಆವತ್ತು ದಿಮ್ಮಿ ಹತ್ರ ನಿಂತಿದ್ದೆ ಅಣ್ಣ. ನೀನು ಗರಗಸ ಉಜ್ಜುತಾ ಕೂತಿದ್ದೆ. ನಿನ್ನ ನೋಡಿ ಬಾಯೇ ಬರಲಿಲ್ಲ."

"ಕೆಮ್ಮು ಜಾಸ್ತಿ ಆಗಿತ್ತಾ?"

"ಕೆಮ್ಮು ಇದ್ದದ್ದೇ." ಶೇಷಪ್ಪ ಒಂದು ಕಲ್ಲೆತ್ತಿ ನೀರಿಗೆ ಹಾಕಿದ. "ಹೋದ ಮಳೆಗಾಲ ನಾವು ಆಲ್ದೂರಿನ ಬಂಗಲೆ ಶೆಡ್ಡಲ್ಲಿ ಬೀಟೆ ಕೊಯ್ತಿದ್ವಲ್ಲ, ಆವಾಗ ತಂಗಮ್ಮನಿಗೆ ಗಂಡು ಮಗು ಆಗಿತ್ತು. ನಾನು ನೋಡಲೇ ಇಲ್ಲ. ಮಗು ಹೋಯ್ತು ಅಂತ ಸಂತೆಗೆ ಬಂದ ನಮ್ಮೂರಿನವನೊಬ್ಬ ಹೇಳ್ದ."

ಭೂತಯ್ಯ ಬಂಡೆಯ ಹತ್ತಿರಕ್ಕೆ ಬಂದ.

"ನಂಗ್ಯಾಕೆ ಹೇಳಲಿಲ್ಲ?" ಎಂದು ಕೇಳಿದ.

"ಹೇಳಿದ್ರೆ ಹೋಗು ಅಂತಿದ್ದೆ. ನಾನು ಹೋದ್ರೆ ನೀನು ಸುಮ್ನೆ ಕೂರಬೇಕು. ದಿಮ್ಮಿ ಅರ್ಧ ಆಗಿತ್ತು, ಬಂಗಲೆಯವರು ದಿನಾ ಬಂದು ಕೇಳ್ತಿದ್ರು. ಮಣ್ಣು ಮಾಡಿ ಆಗೋಗಿದೆ, ಈಗ ಹೋಗಿ ಎಂತ ಮಾಡದು ಅಂತ ಗುಂಡಿಗಿಳಿದೆ. ಮುಖಕ್ಕೆ ಬಟ್ಟೆ ಇತ್ತಲ್ಲ, ಯಾರಿಗೂ ಕಾಣ್ತಿರಲಿಲ್ಲ. ದಿಮ್ಮಿ ಮುಗಿದ ಮೇಲೆ ಇನ್ನೊಂದು ದಿಮ್ಮಿ ಬಂತು." ಅವನು ಇನ್ನೊಂದು ಕಲ್ಲೆತ್ತಿಕೊಂಡ. "ಯಾರಾದ್ರೂ ಹೋಗಬೇಡ ಅಂದಿದ್ರೆ ಜಗಳ ಆಡಿಯಾದ್ರೂ ಹೋಗ್ತಿದ್ದೆ ಅಣ್ಣ. ಯಾರೂ ಬೇಡ ಅನ್ನಲಿಲ್ಲ. ಈಗ ಈ ಕೆಲ್ಸದಲ್ಲಿ ರಜ ಅಂದ್ರೆ ರಜ. ಆವತ್ತು ಬಾ ಅಂತ ಯಾರೂ ಕಾಯ್ಕೊಂಡಿರಲ್ಲ."

ಭೂತಯ್ಯ ಆ ದಿನವನ್ನು ನೆನಪಿಸಿಕೊಳ್ಳಲು ನೋಡಿದ. ಆಲ್ದೂರಿನ ಶೆಡ್ಡು ನೆನಪಿತ್ತು, ತಗಡಿನ ಮೇಲೆ ಬಡಿಯುತ್ತಿದ್ದ ಪುನರ್ವಸು ಮಳೆ ನೆನಪಿತ್ತು, ಬೀಟೆಯ ಗಟ್ಟಿತನವೂ ನೆನಪಿತ್ತು. ಶೇಷಪ್ಪನ ಎಳೆತ ಒಂದು ದಿನ ಬೇರೆಯಾಗಿತ್ತೇ? ಭಾರವಾಗಿತ್ತೇ? ತಾನು ಬೆಣೆ ಹೊಡೆಯುವ ನೆಪದಲ್ಲಿ ನಿಲ್ಲಿಸಿದ್ದೆನೇ? ಏನೂ ನೆನಪಾಗಲಿಲ್ಲ. ಕೆಳಗಿನವನ ದಣಿವು ತನ್ನ ಕೈಗೆ ತಿಳಿಯುತ್ತದೆ ಎಂದುಕೊಂಡಿದ್ದವನು ಅವನು. ಆ ಇಡೀ ಮಳೆಗಾಲ ಒಂದೇ ಉದ್ದನೆಯ ದಿನದಂತೆ ಕಾಣುತ್ತಿತ್ತು.

"ನಾನು ಮೇಲೆ ನಿಂತೋನು" ಎಂದು ಶೇಷಪ್ಪನ ಪಕ್ಕದಲ್ಲಿ ಕೂತುಕೊಂಡ.

ಮರುದಿನ ತೋಟಕ್ಕೆ ವಾರದ ರಜ. ಒಂದು ದಿನ ಇದ್ದು ಹೋಗು ಎಂದು ಇಬ್ಬರೂ ಹಿಡಿದರು, ಭೂತಯ್ಯ ಉಳಿದ. ಶೇಷಪ್ಪ ಬಿಸಿಲೇರುವವರೆಗೆ ಮಲಗಿದ್ದ. ಎದ್ದವನು ಜಗಲಿಯ ಮೇಲೆ ಕೂತು ಮಗಳ ಹತ್ತಿರ ಯಾವುದೋ ಒಗಟು ಹೇಳಿಸಿಕೊಂಡು ನಕ್ಕ. ಕೋಳಿಗೂಡಿನ ಬಾಗಿಲು ಸರಿಮಾಡುತ್ತೇನೆಂದು ಎದ್ದು ಹೋಗಿ, ಅರ್ಧದಲ್ಲಿ ಬಿಟ್ಟು ಬಂದು ಮತ್ತೆ ಒರಗಿದ. ತಂಗಮ್ಮ ಬೈದಳು, ಅವನು ನಕ್ಕ. ಮಗಳು ಹೊಸ ಬಳೆ ಹಾಕಿಕೊಂಡು ತೋರಿಸಲು ಬಂದಳು. ಸ್ವಲ್ಪ ದೊಡ್ಡದಾಗಿತ್ತು. "ಬೆಳೀತಾಳಲ್ಲ, ಸರಿಹೋಗ್ತದೆ" ಎಂದಳು ತಂಗಮ್ಮ. ಭೂತಯ್ಯನಿಗೆ ಸುಮ್ಮನೆ ಕೂರಲು ಬರಲಿಲ್ಲ. ಎದ್ದು ಹೋಗಿ ಕೋಳಿಗೂಡಿನ ಬಾಗಿಲು ತಾನೇ ಮುಗಿಸಿದ. ಅಷ್ಟಕ್ಕೇ, "ಬಂದ ಅತಿಥಿ ಕೈಲಿ ಕೆಲ್ಸ ಮಾಡಿಸ್ತೀರಲ್ಲ!" ಎಂದು ತಂಗಮ್ಮ ಗಂಡನನ್ನು ಮತ್ತೆ ಬೈದದ್ದು ಕೇಳಿಸಿತು. ಅತಿಥಿ ಎಂಬ ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅವನು ಸುತ್ತಿಗೆ ಕೆಳಗಿಟ್ಟು ಬಂದು ಚಾಪೆಯ ಮೇಲೆ ನೆಟ್ಟಗೆ ಕೂತ.

"ನಮ್ಮ ತೋಟದ ಲೆಕ್ಕ ಬರೆಯೋ ರೈಟರಿಗೆ ನಿನ್ನ ವಿಷಯ ಹೇಳ್ಲಾ?" ಎಂದು ಹೊರಡುವಾಗ ಶೇಷಪ್ಪ ಕೇಳಿದ. "ಇಲ್ಲೇ ಇರಬಹುದಲ್ಲ. ಮನೆ ಇದೆ."

"ಈ ವಯಸ್ಸಲ್ಲಿ ಗಂಟೆ ಕೇಳಿ ಏಳೋದು ನಂಗಾಗಲ್ಲ ಮಾರಾಯ."

"ಮುಂದಿನ ಹಬ್ಬಕ್ಕಾದ್ರೂ ಬಾ."

ಬರ್ತೀನಿ ಎಂದು ಈ ಸಲ ಭೂತಯ್ಯನ ಬಾಯಿಂದ ಬರಲಿಲ್ಲ. ಶೇಷಪ್ಪನ ಹೆಗಲು ಒಮ್ಮೆ ಒತ್ತಿ ಹಿಡಿದು, ಬಿಟ್ಟು ನಡೆದ.

ಮಲ್ಲಂದೂರಿಗೆ ಬಂದಾಗ ದೂರದಿಂದಲೇ ಗರಗಸದ ಸದ್ದು ಕೇಳಿಸಿತು. ಆಲ್ದೂರಿಗೆ ಬಂದಿದ್ದ ಇಬ್ಬರು ಅವನ ಗುಂಡಿಯಲ್ಲಿ ಹೊನ್ನೆಯ ದಿಮ್ಮಿಗೆ ಕೈ ಹಾಕಿದ್ದರು. ಅವನು ಅರ್ಧಕ್ಕೆ ತಂದು ನಿಲ್ಲಿಸಿದ್ದ ಸೀಳಿನಲ್ಲೇ ಅವರ ಗರಗಸ ಆಡುತ್ತಿತ್ತು. ಗೆರೆ ತಪ್ಪಿರಲಿಲ್ಲ. ಮೇಲಿದ್ದವನು ಇವನನ್ನು ನೋಡಿ, ಯಾರೋ ದಾರಿಹೋಕನೆಂದುಕೊಂಡು ಕೆಲಸ ಮುಂದುವರಿಸಿದ. ಭೂತಯ್ಯ ಭಾಗಮ್ಮನ ಮನೆಯಿಂದ ಗರಗಸ ತೆಗೆದುಕೊಂಡು, ಗುಡಿಸಲಿನಲ್ಲಿದ್ದ ಮಡಕೆ ಕಂಬಳಿ ಕಟ್ಟಿಕೊಂಡು ಹೊರಟ. ಸಾಹುಕಾರರ ಮೇಲೆ ಬೇಜಾರಾಗಲಿಲ್ಲ. ಬೇಜಾರು ಮಾಡಿಕೊಳ್ಳುವುದಿಲ್ಲವೆಂದು ಮಾತು ಕೊಟ್ಟಿದ್ದನಲ್ಲ.

ಆ ಬೇಸಿಗೆ ಜೊತೆಗಾರನಿಲ್ಲದೆ ಅಲ್ಲಿ ಇಲ್ಲಿ ಸೌದೆ ಒಡೆದುಕೊಂಡು ಕಳೆಯಿತು. ಮಳೆ ಹಿಡಿಯುವ ಸ್ವಲ್ಪ ಮುಂಚೆ ಆಲ್ದೂರು ಸಂತೆಯಲ್ಲಿ ಸುಬ್ಬಣ್ಣ ಎಂಬುವನು ಸಿಕ್ಕಿದ. ಮೂವತ್ತು ದಾಟಿದವನು, ಗಟ್ಟಿ ಆಳು, ಮನೆ ಕೊಟ್ಟಿಗೆಹಾರದ ಹತ್ತಿರ. ಮೂಡಿಗೆರೆಯ ಕಡೆ ಸೋಮಶೇಖರಪ್ಪ ಎನ್ನುವವರ ತೋಟದಲ್ಲಿ ಇಬ್ಬರೂ ಗುತ್ತಿಗೆ ಹಿಡಿದರು. ಸುಬ್ಬಣ್ಣನ ಎಳೆತ ಶೇಷಪ್ಪನದರಂತಿರಲಿಲ್ಲ. ತುಂಬಾ ಅವಸರ, ಮೇಲಿನವನನ್ನೇ ಬಗ್ಗಿಸುವಂಥದು. ಭೂತಯ್ಯನಿಗೆ ರಾತ್ರಿ ತೋಳು ನೋಯುತ್ತಿತ್ತು. ಕೆಲಸ ಹಿಡಿದ ದಿನವೇ ಅವನು ಸುಬ್ಬಣ್ಣನನ್ನು ಕೇಳಿದ್ದ.

"ಮನೇಲಿ ಯಾರಿದಾರೆ?"

"ಹೆಂಡ್ತಿ ಇದಾಳೆ. ಬಸುರಿ."

"ಅಲ್ಲಿಂದ ಸುದ್ದಿ ಬಂದ್ರೆ ನಂಗೆ ಹೇಳ್ಬೇಕು. ಎಂಥ ಸುದ್ದಿ ಆದ್ರೂ ಸರಿ."

ಸುಬ್ಬಣ್ಣ ಈ ಮುದುಕ ಯಾಕೆ ಹೀಗೆ ಹೇಳುತ್ತಾನೆಂದು ಅರ್ಥವಾಗದೆ ತಲೆಯಾಡಿಸಿದ.

ಸುದ್ದಿ ಬಂದದ್ದು ಆರಿದ್ರೆ ಮಳೆ ಒಂದು ಗಳಿಗೆ ಬಿಡುವು ಕೊಟ್ಟ ಬೆಳಿಗ್ಗೆ. ಹಲಸಿನ ದಿಮ್ಮಿಯ ನಡುವೆ ಗರಗಸ ಸಿಕ್ಕಿಕೊಂಡಿದ್ದಾಗ ಸುಬ್ಬಣ್ಣನ ಊರಿನವನೊಬ್ಬ ಮಳೆಗೆ ಎಲೆಯ ಗೊರಬು ಹೊದ್ದುಕೊಂಡು ಬಂದು, ಹೆಂಡತಿಗೆ ಬೇನೆ ಶುರುವಾಗಿದೆ, ಕಷ್ಟವಾಗುತ್ತಿದೆಯಂತೆ ಎಂದ. ಸುಬ್ಬಣ್ಣ ಗುಂಡಿಯಿಂದ ಮುಖವೆತ್ತಿ ನೋಡಿದ. "ಅರ್ಧ ಆಗಿದೆಯಲ್ಲ ಭೂತಣ್ಣ. ಇದೊಂದು ಸೀಳು ಮುಗಿಸಿ ಹೋಗ್ತೀನಿ."

"ಮುಖದ ಬಟ್ಟೆ ತೆಗಿ" ಎಂದ ಭೂತಯ್ಯ.

"ಆಂ?"

"ಬಟ್ಟೆ ತೆಗೆದು ಮೇಲೆ ಬಾ. ಈಗ್ಲೇ ಹೊರಡು."

ಅವನು ದಿಮ್ಮಿಯ ಮೇಲೇ ಬಗ್ಗಿ ಕೈ ಕೊಟ್ಟು ಸುಬ್ಬಣ್ಣನನ್ನು ಮೇಲಕ್ಕೆಳೆದ. ತನ್ನ ಒಣಗಿದ ಕಂಬಳಿಯನ್ನೇ ಅವನ ತಲೆಗೆ ಕೊಪ್ಪೆ ಹಾಕಿ ಕಳಿಸಿದ. ಇಬ್ಬರೂ ಮಂಜಿನಲ್ಲಿ ಇಳಿದು ಹೋಗುವವರೆಗೆ ನೋಡುತ್ತಾ ನಿಂತಿದ್ದ.

ಮಧ್ಯಾಹ್ನ ಸೋಮಶೇಖರಪ್ಪನವರು ಬಂದರು. ಗುಂಡಿ ಖಾಲಿ, ಗರಗಸ ಸೀಳಿನಲ್ಲೇ ನಿಂತಿದೆ, ಭೂತಯ್ಯ ತೊಲೆಯ ಮೇಲೆ ಕೂತಿದ್ದಾನೆ.

"ಎಂತಯ್ಯ, ಕೆಲ್ಸ ನಿಂತಿದೆ?"

"ರಜ ಸಾವ್ಕಾರ್ರೆ."

"ರಜನಾ? ಯಾರಿಗೆ?"

"ಇಬ್ರಿಗೂ."

ಜ್ವರ, ಕಾಯಿಲೆ, ನಾಳೆ ಬರ್ತಾನೆ, ಯಾವುದನ್ನೂ ಅವನು ಸೇರಿಸಲಿಲ್ಲ. ಸೋಮಶೇಖರಪ್ಪನವರು ಕಾರಣಕ್ಕಾಗಿ ಸ್ವಲ್ಪ ಕಾದರು. ಅದು ಬರದಿದ್ದಾಗ ಮುಖ ಗಂಟಿಕ್ಕಿಕೊಂಡು, ಮುಂದಿನ ವರ್ಷ ನೋಡಿ ಗುತ್ತಿಗೆ ಕೊಡಬೇಕು ಎಂದು ಗೊಣಗುತ್ತಾ ಹೋದರು. ಅವರು ಹೇಳಿದ ಹಾಗೇ ಮಾಡಿದರು ಕೂಡ. ಮರುವರ್ಷ ಆ ತೋಟದ ಕೆಲಸ ಬೇರೆಯವರಿಗೆ ಹೋಯಿತು.

ಸುಬ್ಬಣ್ಣ ವಾರ ಕಳೆದು ಬಂದ. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಉಳಿದಿದ್ದರು. ಆದರೆ ಅದು ಆಮೇಲಿನ ಮಾತು. ಆವತ್ತಿನ ಮಧ್ಯಾಹ್ನ ಭೂತಯ್ಯನಿಗೆ ಅದೇನೂ ಗೊತ್ತಿರಲಿಲ್ಲ. ಮಳೆ ಮತ್ತೆ ಹಿಡಿಯಿತು. ಅವನು ಗುಂಡಿಗೆ ಮಳೆ ಬೀಳದಂತೆ ಕಟ್ಟಿದ್ದ ಶೆಡ್ಡಿನ ಮೂಲೆಯಲ್ಲಿ ಮರದ ಪುಡಿಯ ರಾಶಿಯ ಮೇಲೆ ಗೋಣಿ ಹಾಸಿ ಮಲಗಿ ನೋಡಿದ. ನಿದ್ದೆ ಬರಲಿಲ್ಲ. ಎದ್ದು ಕೂತ. ಸಂಸೆಯಲ್ಲಿ ಈಗ ಆ ಹುಡುಗಿಯ ಕೈಗೆ ಬಳೆ ಸರಿಯಾಗಿರಬಹುದೇ, ಇಲ್ಲ, ಒಡೆದೇ ಹೋಗಿರಬಹುದೇ ಎಂದು ಯೋಚಿಸಿದ. ಕೇಳಲು ಯಾರೂ ಇರಲಿಲ್ಲ. ಅರ ಹತ್ತಿರದಲ್ಲೇ ಇತ್ತು, ಕೈ ಅದರ ಕಡೆ ಹೋಯಿತು. ಭೂತಯ್ಯ ಕೈಯನ್ನು ಹಿಂದಕ್ಕೆಳೆದು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮಳೆ ನೋಡುತ್ತಾ ಕೂತ.